ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಚಲನ್’ ಇನ್‌ಸ್ಟಾಲ್ ಆಗಿಬಿಟ್ಟಿದೆ, ಈಗೇನು ಮಾಡಲಿ?

ಪ್ರಶ್ನೆ: ನಮ್ಮ ತಂದೆ ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿದ್ದಾರೆ. ಮೊನ್ನೆ ಹಾಲಿನ ಸಂಘದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ, ಪರಿಚಯದವರ ನಂಬರಿನಿಂದಲೇ ‘ಆರ್‌ಟಿಒ ಚಲನ್’ ಎಂಬ ಫೈಲ್ ಬಂತಂತೆ. ಬೈಕಿಗೆ ದಂಡ ಬಿದ್ದಿರಬೇಕೆಂದು ಒತ್ತಿದ್ದಾರೆ. ಏನೋ ಇನ್‌ಸ್ಟಾಲ್ ಆಯಿತು, ಆಮೇಲೆ ಐಕಾನ್ ಕಾಣಲಿಲ್ಲ. ಈಗ ಅವರ ನಂಬರಿನಿಂದ ನೆಂಟರಿಷ್ಟರಿಗೆಲ್ಲ ಅದೇ ಫೈಲ್ ಹೋಗುತ್ತಿದೆ. ಸೆಟ್ಟಿಂಗ್ಸ್ ತೆರೆದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಹಣವೇನೂ ಹೋಗಿಲ್ಲ. ಮೊಬೈಲ್ ಅಂಗಡಿಯವರು ಆ್ಯಂಟಿವೈರಸ್ ಹಾಕಿದರೆ ಸಾಕು ಅನ್ನುತ್ತಾರೆ. ನಾನಿರುವುದು ಬೆಂಗಳೂರಿನಲ್ಲಿ. ಫಾರ್ಮ್ಯಾಟ್ ಮಾಡಿಸಬೇಕೇ? ನಂಬರ್ ಬದಲಿಸಬೇಕೇ?

ಉತ್ತರ: ಫಾರ್ಮ್ಯಾಟ್ ವಿಷಯಕ್ಕೆ ಆಮೇಲೆ ಬರೋಣ. ಮೊದಲು ತಂದೆಯವರಿಗೆ ಫೋನ್ ಮಾಡಿ. ಅವರ ಮೊಬೈಲಿಗಲ್ಲ, ಪಕ್ಕದ ಮನೆಯವರ ಮೊಬೈಲಿಗೆ. ತಂದೆಯವರ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿಸಿ, ವೈಫೈ ಇದ್ದರೆ ಅದನ್ನೂ ಆಫ್ ಮಾಡಿಸಿ. ಫ್ಲೈಟ್ ಮೋಡ್ ಗೊತ್ತಾಗದಿದ್ದರೆ ಸ್ವಿಚ್ ಆಫ್ ಮಾಡಿದರೂ ಆದೀತು. ನಂತರ ಸಿಮ್ ತೆಗೆದು ಒಂದು ಸಾದಾ ಕೀಪ್ಯಾಡ್ ಫೋನಿಗೆ ಹಾಕಬೇಕು. ಎರಡು ಸಿಮ್ ಇದ್ದರೆ ಎರಡನ್ನೂ ತೆಗೆಯಿರಿ. ಬ್ಯಾಂಕಿಗೆ ಯಾವ ನಂಬರ್ ಕೊಟ್ಟಿದ್ದರು ಎಂಬುದು ಇಂಥ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ. ಜಿಯೊ ಸಿಮ್ ಆದರೆ ಹಳೆಯ 2ಜಿ ಕೀಪ್ಯಾಡ್ ಫೋನಿನಲ್ಲಿ ಓಡುವುದಿಲ್ಲ, 4ಜಿ ಕೀಪ್ಯಾಡ್ ಸೆಟ್ಟೇ ಬೇಕು. ಅದೂ ಸಿಗದಿದ್ದರೆ ಮನೆಯ ಇನ್ನೊಂದು ನಂಬಿಕೆಯ ಸ್ಮಾರ್ಟ್‌ಫೋನಿಗೆ ಹಾಕಿ. ಆ ಫೋನಿನಲ್ಲೂ ಇದೇ ಫೈಲ್ ಒತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಹಾಕಿ, ಏಕೆಂದರೆ ಅದು ಈಗ ನಿಮ್ಮ ನೆಂಟರಲ್ಲೆಲ್ಲ ಓಡಾಡುತ್ತಿದೆ.

ಇಷ್ಟು ಅವಸರ ಏಕೆಂದರೆ, ಈ ಬಗೆಯ ಆ್ಯಪ್‌ಗೆ ಬೇಕಾಗಿರುವುದು ಎಸ್‌ಎಂಎಸ್. ನಿಮ್ಮ ತಂದೆಯವರ ಫೋಟೊ, ಹಾಡು, ಗ್ಯಾಲರಿ ಕಟ್ಟಿಕೊಂಡು ಅದಕ್ಕೇನೂ ಆಗಬೇಕಿಲ್ಲ. ಬ್ಯಾಂಕಿನಿಂದ ಒಟಿಪಿ ಬಂದ ಕ್ಷಣವೇ ಅದನ್ನು ಓದಿ, ಇಂಟರ್‌ನೆಟ್ ಮೂಲಕ ವಂಚಕರ ಕೈಗೆ ಮುಟ್ಟಿಸುವುದು ಅದರ ಕೆಲಸ. ಕೆಲವು ಆ್ಯಪ್‌ಗಳು ಬಂದ ಮೆಸೇಜನ್ನು ಅಳಿಸಿಯೂ ಬಿಡುತ್ತವೆ, ಹಾಗಾಗಿ ದುಡ್ಡು ಕಡಿತವಾದ ಸುದ್ದಿಯೇ ಮಾಲೀಕರಿಗೆ ತಿಳಿಯುವುದಿಲ್ಲ. ಸಿಮ್ ಬೇರೆ ಫೋನಿಗೆ ಹೋದ ಮೇಲೆ ಒಟಿಪಿ ಅಲ್ಲಿಗೆ ಬರುತ್ತದೆ, ಈ ಆ್ಯಪ್ ಬರಿಗೈಯಲ್ಲಿ ಕೂರುತ್ತದೆ. ಫೋನ್ ಸ್ವಚ್ಛ ಮಾಡುವುದು ಅದಾದ ಮೇಲೆ ಒಂದು ದಿನ ತಡವಾದರೂ ಪರವಾಗಿಲ್ಲ.

ಎರಡನೆಯದು ಬ್ಯಾಂಕ್. ‘ಹಣ ಹೋಗಿಲ್ಲ’ ಎಂದು ಬರೆದಿದ್ದೀರಿ. ಪಾಸ್‌ಬುಕ್ ನೋಡಿಯೋ, ಮೆಸೇಜ್ ಬಂದಿಲ್ಲ ಎಂದೋ? ಮೇಲೆ ಹೇಳಿದ ಕಾರಣಕ್ಕೆ ಮೆಸೇಜ್ ನಂಬುವಂತಿಲ್ಲ. ಇವತ್ತೇ ಶಾಖೆಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಖಾತೆಗೆ ‘ಡೆಬಿಟ್ ಫ್ರೀಜ್’ ಹಾಕಿ ಎಂದು ಕೇಳಲಿ. ಹಾಗೆ ಮಾಡಿದರೆ ಖಾತೆಯಿಂದ ಹಣ ಹೊರಗೆ ಹೋಗುವುದು ಮಾತ್ರ ನಿಲ್ಲುತ್ತದೆ, ಹಾಲಿನ ಬಟವಾಡೆ, ಪಿಂಚಣಿ ಎಂದಿನಂತೆ ಜಮಾ ಆಗುತ್ತಿರುತ್ತದೆ. ಶಾಖೆ ಮುಚ್ಚಿದ್ದರೆ ಎಟಿಎಂ ಕಾರ್ಡಿನ ಹಿಂಬದಿಯಲ್ಲಿ ಮುದ್ರಿಸಿರುವ ನಂಬರಿಗೆ ಕರೆ ಮಾಡಿ ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ಮೂರನ್ನೂ ಬ್ಲಾಕ್ ಮಾಡಿಸಿ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಿ ಸಿಕ್ಕ ನಂಬರಿಗೆ ಮಾತ್ರ ಕರೆ ಮಾಡಬೇಡಿ. ಅಲ್ಲಿ ನಕಲಿ ನಂಬರುಗಳನ್ನು ಹಾಕಿಕೊಂಡು ಇದೇ ಜನ ಕಾಯುತ್ತಿರುತ್ತಾರೆ.

ತಂದೆಯವರ ಹೆಸರಿನಲ್ಲಿ ಎಫ್‌ಡಿ ಇದೆಯೇ? ನೆಟ್ ಬ್ಯಾಂಕಿಂಗ್ ಚಾಲೂ ಇದ್ದರೆ ಎಫ್‌ಡಿಯನ್ನು ಅವಧಿಗೆ ಮುಂಚೆಯೇ ಮುರಿಯಲು, ಅದರ ಮೇಲೆ ಸಾಲ ಎತ್ತಲು ಹಲವು ಬ್ಯಾಂಕುಗಳಲ್ಲಿ ಆನ್‌ಲೈನ್‌ನಲ್ಲೇ ಅವಕಾಶವಿದೆ. ಉಳಿತಾಯ ಖಾತೆಯಲ್ಲಿ ನಾಲ್ಕು ಸಾವಿರವಷ್ಟೇ ಇದೆ ಎಂದು ನಿಶ್ಚಿಂತೆಯಿಂದ ಇದ್ದವರ ಎಫ್‌ಡಿ ಕರಗಿರುವುದು ಹೀಗೆಯೇ. ಶಾಖೆಯಲ್ಲಿ ಅದನ್ನೂ ಹೆಸರಿಸಿ ಹೇಳಲಿ.

ಇನ್ನೊಂದು ಪ್ರಶ್ನೆಯನ್ನು ತಂದೆಯವರಿಗೆ ಸಮಾಧಾನದಿಂದ ಕೇಳಿ: ಆ ಆ್ಯಪ್ ತೆರೆದಾಗ ಹೆಸರು, ಹುಟ್ಟಿದ ದಿನ, ಆಧಾರ್, ಕಾರ್ಡ್ ನಂಬರ್, ಪಿನ್ ಏನಾದರೂ ತುಂಬಿದರೇ? ಎಷ್ಟೋ ಕಡೆ ‘ದಂಡ ಕಟ್ಟಿ’ ಅಥವಾ ‘ಖಚಿತಪಡಿಸಲು ಒಂದು ರೂಪಾಯಿ ಪಾವತಿಸಿ’ ಎಂಬ ಪುಟ ತೋರಿಸುತ್ತಾರೆ. ಯುಪಿಐ ಪಿನ್ ಹೊಸದಾಗಿ ಇಟ್ಟುಕೊಳ್ಳಲು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಕಾರ್ಡಿನ ಅವಧಿ ಮತ್ತು ಒಟಿಪಿ ಬೇಕು. ಮೊದಲ ಎರಡನ್ನು ನಿಮ್ಮ ತಂದೆ ಆ ಪುಟದಲ್ಲಿ ಬರೆದುಕೊಟ್ಟಿದ್ದರೆ, ಮೂರನೆಯದನ್ನು ಆ್ಯಪ್ ಒದಗಿಸುತ್ತದೆ. ತುಂಬಿದ್ದರೆ ಕಾರ್ಡನ್ನು ಬ್ಲಾಕ್ ಮಾಡಿಸಿ ಹೊಸ ಕಾರ್ಡ್ ತರಿಸಿಕೊಳ್ಳಲೇಬೇಕು. ಪಿನ್ ಬದಲಿಸಿದರೆ ಸಾಲದು.

ಬೈಯಬೇಡಿ. ‘ಯಾಕೆ ಒತ್ತಿದೆ’ ಎಂದು ಮಗ ಒಮ್ಮೆ ರೇಗಿದರೆ, ಮುಂದಿನ ಸಲ ಅಪ್ಪ ವಿಷಯವನ್ನೇ ಹೇಳುವುದಿಲ್ಲ. ಪಿನ್ ಕೊಟ್ಟಿದ್ದೆ ಎಂಬುದನ್ನು ಎರಡು ದಿನ ಬಿಟ್ಟು ಹೇಳಿದರೆ ಆ ಎರಡು ದಿನದ ಬೆಲೆ ದೊಡ್ಡದು. ಅಲ್ಲದೆ ಫೈಲ್ ಬಂದದ್ದು ದಿನಾ ಹಾಲು ಹಾಕುವ ಸಂಘದ ಗ್ರೂಪಿನಲ್ಲಿ, ಗುರುತಿನವರ ಹೆಸರಿನಲ್ಲಿ. ಆ ಪರಿಚಯದವರನ್ನೂ ದೂರಬೇಡಿ. ಅವರ ಫೋನಿಗೂ ಹೀಗೆಯೇ ಆಗಿರುತ್ತದೆ, ಕಳಿಸಿದ್ದು ಅವರ ಬೆರಳಲ್ಲ.

ಹಣ ಹೋಗಿರುವುದು ಗೊತ್ತಾದರೆ ತಕ್ಷಣ 1930ಕ್ಕೆ ಕರೆ ಮಾಡಿ. ಇದು ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆ ಸಹಾಯವಾಣಿ. ಹಣ ಯಾವ ಖಾತೆಗೆ ಹೋಯಿತು, ಅಲ್ಲಿಂದ ಮುಂದೆ ಯಾವ ಖಾತೆಗೆ ಜಿಗಿಯಿತು ಎಂದು ಬ್ಯಾಂಕುಗಳಿಗೆ ಸುದ್ದಿ ಮುಟ್ಟಿಸಿ ತಡೆಹಿಡಿಸುವ ವ್ಯವಸ್ಥೆ ಅದರ ಹಿಂದಿದೆ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಬೇಗಬೇಗ ದಾಟಿಸುವುದರಿಂದ ಗಂಟೆಗಳ ಲೆಕ್ಕದಲ್ಲಿ ಕರೆ ಮಾಡಿದವರಿಗೆ ಮಾತ್ರ ಇದರಿಂದ ಹೆಚ್ಚು ಪ್ರಯೋಜನ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲೂ ದೂರು ದಾಖಲಿಸಬಹುದು. ಯುಪಿಐ ವಹಿವಾಟಾದರೆ ಅದರ 12 ಅಂಕಿಗಳ ಉಲ್ಲೇಖ ಸಂಖ್ಯೆ ಕೈಯಲ್ಲಿರಲಿ.

ಹಣ ಹೋಗದಿದ್ದರೂ ಬ್ಯಾಂಕಿಗೆ ಬರಹದಲ್ಲಿ ತಿಳಿಸಿ, ದೂರಿನ ಸಂಖ್ಯೆಯನ್ನೂ ಸಮಯವನ್ನೂ ಬರೆದಿಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ವಂಚನೆ ನಡೆದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ಆದರೆ ಗ್ರಾಹಕನ ಅಜಾಗರೂಕತೆಯಿಂದ ಆದದ್ದಾದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಅವನದೇ. ಆ್ಯಪ್ ಹಾಕಿಕೊಂಡದ್ದು, ಪಿನ್ ಕೊಟ್ಟದ್ದು ನೀವೇ ಎಂದು ಬ್ಯಾಂಕ್ ವಾದಿಸುತ್ತದೆ, ಅದಕ್ಕೆ ಸಿದ್ಧರಾಗಿರಿ. ಆದರೆ ತಿಳಿಸಿದ ಮೇಲೆ ನಡೆದ ಪ್ರತಿಯೊಂದು ವಹಿವಾಟಿನ ಹೊಣೆ ಬ್ಯಾಂಕಿನದು, ಇದರಲ್ಲಿ ವಾದಕ್ಕೆ ಜಾಗವಿಲ್ಲ. ನಿಮ್ಮ ಪ್ರಕರಣದಲ್ಲಿ ಹಣ ಇನ್ನೂ ಹೋಗಿಲ್ಲ ಅಂದರೆ ಇವತ್ತು ಕೊಟ್ಟ ಒಂದು ಅರ್ಜಿ ನಾಳೆಯ ಅಷ್ಟೂ ಹೊಣೆಯನ್ನು ದಾಟಿಸುತ್ತದೆ. ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಶಾಖೆಯಿಂದ ಏಳಬೇಡಿ.

ಇನ್ನು ಫೋನಿನ ಕೆಲಸ. ಏನನ್ನೂ ಅಳಿಸುವ ಮೊದಲು ಇನ್ನೊಂದು ಮೊಬೈಲಿನಿಂದ ಆ ವಾಟ್ಸ್‌ಆ್ಯಪ್ ಮೆಸೇಜಿನ ಫೋಟೊ ತೆಗೆದಿಡಿ. ಯಾರ ನಂಬರು, ಯಾವ ದಿನ, ಎಷ್ಟು ಗಂಟೆ, ಫೈಲಿನ ಪೂರ್ತಿ ಹೆಸರು ಎಲ್ಲ ಕಾಣಬೇಕು. ಆ ಹೆಸರಿನ ಕೊನೆಯಲ್ಲಿ ಚುಕ್ಕೆ ಇಟ್ಟು ‘ಎಪಿಕೆ’ ಎಂದು ಇಂಗ್ಲಿಷಿನಲ್ಲಿ ಇದ್ದೇ ಇರುತ್ತದೆ. ದಂಡದ ರಸೀದಿ ಪಿಡಿಎಫ್ ಆಗಿಯೋ ಫೋಟೊ ಆಗಿಯೋ ಬಂದೀತು. ಎಪಿಕೆ ಅಂದರೆ ಅದು ಆಂಡ್ರಾಯ್ಡ್‌ನ ಇನ್‌ಸ್ಟಾಲ್ ಫೈಲ್. ಮದುವೆಯ ಕರೆಯೋಲೆ, ಪಿಎಂ ಕಿಸಾನ್ ಪಟ್ಟಿ, ಬ್ಯಾಂಕಿನ ರಿವಾರ್ಡ್ ಪಾಯಿಂಟ್ ಹೆಸರಿನಲ್ಲಿ ಬರುವುದೂ ಇದೇ ಸರಕು, ಮೇಲಿನ ಹೊದಿಕೆ ಮಾತ್ರ ಬೇರೆ.

ಸೆಟ್ಟಿಂಗ್ಸ್ ತಾನಾಗಿ ಮುಚ್ಚಿಕೊಳ್ಳುತ್ತದೆ ಎಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಸಾಲು ಅದು. ಆ ಆ್ಯಪ್‌ಗೆ ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಸಿಕ್ಕಿರುವ ಲಕ್ಷಣ ಅದು. ಕಣ್ಣು ಕಾಣದವರಿಗೆ ಪರದೆ ಓದಿ ಹೇಳಲು, ಕೈ ಆಡದವರ ಪರವಾಗಿ ಬಟನ್ ಒತ್ತಲು ಇರುವ ಸೌಲಭ್ಯವದು. ವಂಚಕರ ಆ್ಯಪ್‌ಗೆ ಅದು ಸಿಕ್ಕಿದರೆ ಪರದೆ ಮೇಲಿರುವುದನ್ನು ಅದು ಓದುತ್ತದೆ, ತಾನೇ ‘ಅಲೋ’ ಒತ್ತಿಕೊಳ್ಳುತ್ತದೆ, ಯಾರಾದರೂ ತನ್ನನ್ನು ತೆಗೆಯಲು ಬಂದರೆ ಬ್ಯಾಕ್ ಬಟನ್ ಒತ್ತಿ ಓಡಿಸುತ್ತದೆ. ವಾಟ್ಸ್‌ಆ್ಯಪ್‌ನಿಂದ ಎಲ್ಲರಿಗೂ ಫೈಲ್ ಹೋಗುತ್ತಿರುವುದೂ ಇದೇ ದಾರಿಯಲ್ಲಿರಬಹುದು.

ಹಾಗಾಗಿ ಸೇಫ್ ಮೋಡ್‌ಗೆ ಹೋಗಬೇಕು. ಪವರ್ ಬಟನ್ ಒತ್ತಿ ಹಿಡಿದಾಗ ಬರುವ ‘ಪವರ್ ಆಫ್’ ಮೇಲೆ ಬೆರಳನ್ನು ಹಾಗೆಯೇ ಒತ್ತಿ ಹಿಡಿದರೆ ಬಹುತೇಕ ಫೋನುಗಳಲ್ಲಿ ‘ಸೇಫ್ ಮೋಡ್’ ಎಂದು ಕೇಳುತ್ತದೆ. ಕೆಲವು ಕಂಪನಿಗಳ ಫೋನಿನಲ್ಲಿ ಕ್ರಮ ಬೇರೆ, ಆ ಮಾದರಿಯ ಹೆಸರು ಹಾಕಿ ನಿಮ್ಮ ಫೋನಿನಲ್ಲಿ ಹುಡುಕಿ ಹೇಳಿ. ಸೇಫ್ ಮೋಡ್‌ನಲ್ಲಿ ಫೋನಿನ ಜೊತೆ ಬಂದ ಆ್ಯಪ್‌ಗಳಷ್ಟೇ ಓಡುತ್ತವೆ, ಆಮೇಲೆ ಹಾಕಿಕೊಂಡವೆಲ್ಲ ಮಲಗಿರುತ್ತವೆ. ಪರದೆಯ ಮೂಲೆಯಲ್ಲಿ ‘ಸೇಫ್ ಮೋಡ್’ ಎಂದು ಬರೆದಿರುವುದು ಕಾಣಬೇಕು.

ಈಗ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ಪಟ್ಟಿ ತೆರೆಯಿರಿ. ಹೋಮ್ ಸ್ಕ್ರೀನಿನಿಂದ ಐಕಾನ್ ಅಡಗಿಸಿಕೊಂಡ ಆ್ಯಪ್ ಇಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ‘ಆರ್‌ಟಿಒ’, ‘ಚಲನ್’ ಎಂದೇ ಇರಬಹುದು. ಇಲ್ಲವೇ ಹೆಸರೇ ಇಲ್ಲದೆ ಖಾಲಿ ಜಾಗ, ಹಸಿರು ಆಂಡ್ರಾಯ್ಡ್ ಬೊಂಬೆ, ‘ಗೂಗಲ್ ಸರ್ವಿಸ್’ ಎಂಬಂಥ ಸಭ್ಯ ವೇಷ. ಅನುಮಾನ ಬಂದದ್ದನ್ನು ಒತ್ತಿ ಒಳಗೆ ಹೋಗಿ, ಪುಟದ ಕೆಳತುದಿ ನೋಡಿ. ಪ್ಲೇ ಸ್ಟೋರ್‌ನಿಂದ ಬಂದ ಆ್ಯಪ್ ಆದರೆ ಹಾಗೆಂದು ಅಲ್ಲಿ ಬರೆದಿರುತ್ತದೆ. ‘ಪರ್ಮಿಷನ್ಸ್’ ಒತ್ತಿ ನೋಡಿ. ದಂಡ ತೋರಿಸುವ ಆ್ಯಪ್‌ಗೆ ಎಸ್‌ಎಂಎಸ್, ಕಾಲ್, ಕಾಂಟ್ಯಾಕ್ಟ್ಸ್ ಮೂರೂ ಸಿಕ್ಕಿದ್ದರೆ ಬೇರೆ ಸಾಕ್ಷಿ ಬೇಡ.

ಒಂದನ್ನು ತೆಗೆದು ನಿಲ್ಲಿಸಬೇಡಿ, ಎರಡು ಇರುವ ಸಂಭವ ಹೆಚ್ಚು. ಆಂಡ್ರಾಯ್ಡ್ 13ರಿಂದ ಈಚೆಗೆ, ಹೀಗೆ ಹೊರಗಿನ ಫೈಲಿನಿಂದ ಹಾಕಿದ ಆ್ಯಪ್‌ಗೆ ಆ್ಯಕ್ಸೆಸಿಬಿಲಿಟಿ ಸುಲಭವಾಗಿ ಸಿಗದಂತೆ ಗೂಗಲ್ ತಡೆ ಇಟ್ಟಿದೆ. ವಂಚಕರು ಅದಕ್ಕೆ ಕಂಡುಕೊಂಡ ಉಪಾಯವೆಂದರೆ, ಮೊದಲ ಆ್ಯಪ್ ಬರೀ ‘ಅಪ್‌ಡೇಟ್ ಮಾಡಿ’ ಎಂಬ ಒಂದು ಬಟನ್ ತೋರಿಸುತ್ತದೆ. ಅದನ್ನು ಒತ್ತಿದಾಗ ಮೊದಲನೆಯದು ಒಂದು ಆ್ಯಪ್ ಸ್ಟೋರಿನ ರೀತಿಯಲ್ಲಿ ಎರಡನೆಯದನ್ನು ಒಳಗೆ ಇಳಿಸುತ್ತದೆ, ತಡೆ ಅನ್ವಯಿಸುವುದಿಲ್ಲ. ನಿಜವಾದ ಕಳ್ಳ ಈ ಎರಡನೆಯವನು. ನಿಮ್ಮ ತಂದೆ ‘ಅಪ್‌ಡೇಟ್’ ಎಂದೇನಾದರೂ ಒತ್ತಿದ್ದರೇ ಎಂದು ಕೇಳಿ ನೋಡಿ.

‘ಅನ್‌ಇನ್‌ಸ್ಟಾಲ್’ ಬಟನ್ ಮಸುಕಾಗಿದ್ದರೆ ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ ‘ಡಿವೈಸ್ ಅಡ್ಮಿನ್’ ಎಂದು ಬರೆಯಿರಿ. ಆಗ ಫೋನಿನ ಮೇಲೆ ವಿಶೇಷ ಅಧಿಕಾರ ಪಡೆದ ಆ್ಯಪ್‌ಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಗೂಗಲ್‌ನ ‘ಫೈಂಡ್’ ಸೇವೆ, ಕಚೇರಿ ಮೇಲ್ ಇದ್ದರೆ ಅದು, ಇಷ್ಟು ಇರುವುದು ಸಹಜ. ಗುರುತಿಲ್ಲದ ಆ್ಯಪ್ ಇದ್ದರೆ ಅದರ ಮುಂದಿನ ಟಿಕ್ ತೆಗೆದು, ಹಿಂದೆ ಬಂದು ಅನ್‌ಇನ್‌ಸ್ಟಾಲ್ ಮಾಡಿ. ಅಲ್ಲಿಂದ ಮುಂದೆ ‘ಆ್ಯಕ್ಸೆಸಿಬಿಲಿಟಿ’, ‘ನೋಟಿಫಿಕೇಶನ್ ಆ್ಯಕ್ಸೆಸ್’, ‘ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್’ ಇವುಗಳನ್ನೂ ಒಂದೊಂದಾಗಿ ಹುಡುಕಿ ನೋಡಿ. ನೋಟಿಫಿಕೇಶನ್ ಓದುವ ಅನುಮತಿಯನ್ನು ಹಲವರು ಮರೆಯುತ್ತಾರೆ. ಎಸ್‌ಎಂಎಸ್ ಅನುಮತಿ ಕಿತ್ತುಕೊಂಡರೂ ಒಟಿಪಿ ಪರದೆಯ ಮೇಲುಗಡೆ ಇಣುಕುತ್ತದಲ್ಲ, ಅದನ್ನು ಓದಿದರೂ ಅವರಿಗೆ ಸಾಕು. ಮೆಸೇಜಿನ ಡೀಫಾಲ್ಟ್ ಆ್ಯಪ್ ಯಾವುದಿದೆ ಎಂದೂ ನೋಡಿ. ಕೊನೆಗೆ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ತೆರೆದು ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್ ಎಲ್ಲಕ್ಕೂ ಆಫ್ ಮಾಡಿ. ಇದೊಂದು ಆಫ್ ಆಗಿಯೇ ಇದ್ದಿದ್ದರೆ ನೀವು ನನಗೆ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಇಷ್ಟೆಲ್ಲ ಆದ ಮೇಲೂ ಫಾರ್ಮ್ಯಾಟ್ ಬೇಕೇ? ನಿಮ್ಮ ವಿಷಯದಲ್ಲಿ ಬೇಕು. ಬರೀ ಜಾಹೀರಾತು ಸುರಿಸುವ ಆ್ಯಪ್ ಆಗಿದ್ದರೆ ತೆಗೆದುಹಾಕಿ ಸುಮ್ಮನಿರಿ ಎನ್ನುತ್ತಿದ್ದೆ. ಇಲ್ಲಿ ಆ್ಯಕ್ಸೆಸಿಬಿಲಿಟಿ ಅನುಮತಿ ಆ ಆ್ಯಪ್‌ನ ಕೈಗೆ ಹೋಗಿದೆ, ಅಷ್ಟು ಹೊತ್ತು ಅದು ಇನ್ನೇನು ಒತ್ತಿಕೊಂಡಿದೆಯೋ ಹೊರಗಿನಿಂದ ನೋಡಿ ಹೇಳಲಾಗದು. ಅದೇ ಫೋನಿನಲ್ಲಿ ಬ್ಯಾಂಕ್ ಆ್ಯಪ್ ಮತ್ತೆ ಹಾಕುವವರಿದ್ದರೆ ಫ್ಯಾಕ್ಟರಿ ರೀಸೆಟ್ (ನೀವು ಫಾರ್ಮ್ಯಾಟ್ ಅನ್ನುವುದು ಇದನ್ನೇ) ಮಾಡಿಯೇ ಹಾಕಿ. ಅದಕ್ಕೆ ಮುನ್ನ ಫೋಟೊಗಳನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಗೂಗಲ್ ಖಾತೆಯ ಐಡಿ, ಪಾಸ್‌ವರ್ಡ್ ಗೊತ್ತಿರಲಿ. ಎಷ್ಟೋ ಹಿರಿಯರ ಖಾತೆಯನ್ನು ಅಂಗಡಿಯ ಹುಡುಗನೇ ತೆರೆದುಕೊಟ್ಟಿರುತ್ತಾನೆ, ಪಾಸ್‌ವರ್ಡ್ ಅವನಿಗೂ ನೆನಪಿರುವುದಿಲ್ಲ. ರೀಸೆಟ್ ಆದ ಮೇಲೆ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ಹೊಸದಾಗಿ ಹಾಕಿಕೊಳ್ಳಿ. ವಾಟ್ಸ್‌ಆ್ಯಪ್ ಬ್ಯಾಕಪ್ ಇಳಿಸಿದಾಗ ಆ ಫೈಲ್ ಗ್ರೂಪಿನಲ್ಲಿ ಮತ್ತೆ ಕಾಣಬಹುದು, ಗಾಬರಿ ಬೇಡ. ಒತ್ತದಿದ್ದರೆ ಅದು ಬರೀ ಫೈಲ್; ಅಳಿಸಿ ಹಾಕಿ.

ಆ್ಯಂಟಿವೈರಸ್ ಬಗ್ಗೆ: ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಸಾಲದು. ಇಂಥ ಆ್ಯಪ್‌ಗಳು ಪ್ಯಾಕಿಂಗ್ ಬದಲಿಸಿಕೊಂಡು ಹೊಸಹೊಸದಾಗಿ ಬರುತ್ತಿರುತ್ತವೆ, ಸ್ಕ್ಯಾನರಿಗೆ ಗುರುತು ಸಿಗುವುದು ತಡ. ಆ್ಯಪ್‌ಗಳನ್ನು ತಪಾಸಣೆ ಮಾಡಲು ಫೋನಿನಲ್ಲೇ ಇರುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಮೊದಲು ಆನ್ ಇದೆಯೇ ನೋಡಿ: ಪ್ಲೇ ಸ್ಟೋರ್ ತೆರೆದು ಮೇಲಿನ ಪ್ರೊಫೈಲ್ ಚಿತ್ರ ಒತ್ತಿದರೆ ಸಿಗುತ್ತದೆ. ವಂಚಕರು ಅದನ್ನು ಆಫ್ ಮಾಡಿಸಿಯೇ ಮುಂದುವರಿಯುವುದು ರೂಢಿ. ಎಸ್‌ಎಂಎಸ್ ಓದುವ, ನೋಟಿಫಿಕೇಶನ್ ಓದುವ, ಆ್ಯಕ್ಸೆಸಿಬಿಲಿಟಿ ಕೇಳುವ ಆ್ಯಪ್‌ಗಳನ್ನು ಹೊರಗಿನ ಫೈಲಿನಿಂದ ಹಾಕಲು ಹೋದರೆ ತಾನಾಗಿ ತಡೆಯುವ ವ್ಯವಸ್ಥೆಯನ್ನು ಗೂಗಲ್ ಭಾರತದಲ್ಲಿ ಪ್ರಯೋಗಕ್ಕೆ ತರುವುದಾಗಿ ಪ್ರಕಟಿಸಿದ್ದು 2024ರ ಅಕ್ಟೋಬರಿನಲ್ಲಿ. ಅದೂ ಪ್ಲೇ ಪ್ರೊಟೆಕ್ಟ್‌ನ ಭಾಗವೇ, ಆಫ್ ಇದ್ದರೆ ಕೆಲಸಕ್ಕೆ ಬಾರದು. ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ ‘ಎಂ-ಕವಚ್ 2’ ಎಂಬ ಸುರಕ್ಷತಾ ಆ್ಯಪ್ ಬೇಕಿದ್ದರೆ ಹಾಕಿಕೊಳ್ಳಿ. ‘ಕ್ಲೀನರ್’, ‘ಬೂಸ್ಟರ್’ ಹೆಸರಿನವನ್ನು ಮುಟ್ಟಬೇಡಿ.

ಹಾಗಾದರೆ ಪ್ಲೇ ಸ್ಟೋರ್‌ನಲ್ಲಿರುವುದೆಲ್ಲ ಅಪ್ಪಟವೇ ಎಂದರೆ, ಅದೂ ಅಲ್ಲ. ಒಂದು ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗಿದ್ದ ಒಂದು ಬಾರ್‌ಕೋಡ್ ಸ್ಕ್ಯಾನರ್ ಆ್ಯಪ್ 2020ರ ಕೊನೆಯಲ್ಲಿ ಬಂದ ಒಂದೇ ಅಪ್‌ಡೇಟ್‌ನಿಂದ ಜಾಹೀರಾತು ಪುಟಗಳನ್ನು ತಾನಾಗಿ ತೆರೆಯತೊಡಗಿತು, ಗೂಗಲ್ ಅದನ್ನು ಕಿತ್ತುಹಾಕಿತು. ಆದರೂ ಒಂದು ದೊಡ್ಡ ವ್ಯತ್ಯಾಸವಿದೆ. ಕಾಲ್ ಲಾಗ್, ಎಸ್‌ಎಂಎಸ್ ಅನುಮತಿಯನ್ನು ಕಂಡಕಂಡ ಆ್ಯಪ್ ಕೇಳಕೂಡದೆಂದು ಗೂಗಲ್ 2019ರಿಂದ ಪ್ಲೇ ಸ್ಟೋರ್‌ನಲ್ಲಿ ಬಿಗಿ ಮಾಡಿದೆ. ಒಟಿಪಿ ಕದಿಯುವವರಿಗೆ ಆ ಬಾಗಿಲು ಕಿರಿದಾದ್ದರಿಂದಲೇ ವಾಟ್ಸ್‌ಆ್ಯಪ್ ಹಿಡಿದಿದ್ದಾರೆ.

ವಾಟ್ಸ್‌ಆ್ಯಪ್ ವಿಷಯ. ರೀಸೆಟ್ ಮುಗಿದು ಸಿಮ್ ವಾಪಸು ಹಾಕಿದ ಮೇಲೆ ಅದರಲ್ಲಿ ‘ಲಿಂಕ್ಡ್ ಡಿವೈಸಸ್’ (ಇದೇ ವಾಟ್ಸ್‌ಆ್ಯಪ್ ತೆರೆದಿರುವ ಬೇರೆ ಸಾಧನಗಳ ಪಟ್ಟಿ) ತೆರೆದು ಗುರುತಿಲ್ಲದ್ದನ್ನು ಲಾಗ್ ಔಟ್ ಮಾಡಿ, ‘ಟೂ ಸ್ಟೆಪ್ ವೆರಿಫಿಕೇಶನ್’ ಆನ್ ಮಾಡಿ 6 ಅಂಕಿಯ ಪಿನ್ ಇಡಿ. ಲಾಗಿನ್ ಆಗುವಾಗ ನೀವು ಇಟ್ಟಿರದ ಪಿನ್ ಕೇಳಿದರೆ ವಂಚಕರು ಆಗಲೇ ನಂಬರ್ ಹಿಡಿದು ತಮ್ಮ ಪಿನ್ ಹಾಕಿದ್ದಾರೆಂದು ಅರ್ಥ. ಏಳು ದಿನ ಕಾದರೆ ಪಿನ್ ಇಲ್ಲದೆ ಒಳಗೆ ಬಿಡುತ್ತದೆ. ಎಸ್‌ಎಂಎಸ್ ಕೋಡ್ ಹಾಕಿದ ಕೂಡಲೇ ಅವರಂತೂ ಹೊರಗೆ ಬೀಳುತ್ತಾರೆ. ಸಂಘದ ಗ್ರೂಪಿನವರಿಗೆ ಎಚ್ಚರಿಕೆ ಕೊಡಬೇಕಾದ್ದು ವಾಟ್ಸ್‌ಆ್ಯಪ್‌ನಲ್ಲಲ್ಲ, ಕರೆ ಮಾಡಿ ಇಲ್ಲವೇ ಬೆಳಿಗ್ಗೆ ಡೈರಿಯಲ್ಲಿ ಬಾಯಿಮಾತಿನಲ್ಲಿ. ಸೋಂಕಿದ ನಂಬರಿನಿಂದ ಬಂದ ‘ಆ ಫೈಲ್ ಒತ್ತಬೇಡಿ’ ಎಂಬ ಮೆಸೇಜನ್ನು ಯಾರು ನಂಬುತ್ತಾರೆ?

ಕರೆಗಳು ಬೇರೆ ನಂಬರಿಗೆ ತಿರುಗುತ್ತಿವೆಯೇ ಎಂದೂ ನೋಡಿ. ಒಟಿಪಿಯನ್ನು ಕರೆ ಮೂಲಕ ಪಡೆಯುವ ದಾರಿಯೂ ಇದೆ. *#21# ಒತ್ತಿದರೆ ಸ್ಥಿತಿ ತೋರಿಸುತ್ತದೆ. ಫೋನ್ ಆ್ಯಪ್‌ನ ಕಾಲ್ ಸೆಟ್ಟಿಂಗ್ಸ್‌ನಲ್ಲೂ ‘ಕಾಲ್ ಫಾರ್ವರ್ಡಿಂಗ್’ ಇರುತ್ತದೆ, ಗೊತ್ತಿಲ್ಲದ ನಂಬರ್ ಇದ್ದರೆ ತೆಗೆಯಿರಿ.

ನಂಬರ್ ಬದಲಿಸುವ ಅಗತ್ಯವಿಲ್ಲ. ಬ್ಯಾಂಕ್, ಆಧಾರ್, ಗ್ಯಾಸ್, ಪಿಂಚಣಿ ಎಲ್ಲ ಕಡೆ ಅಲೆದು ಬದಲಿಸುವ ಹೊತ್ತಿಗೆ ಒಂದು ಕಡೆ ಹಳೆಯದು ಉಳಿದೇ ಉಳಿಯುತ್ತದೆ, ಅದು ಇನ್ನೊಂದು ತೊಂದರೆ. ಸಿಮ್‌ಗೆ ಏನೂ ಆಗಿಲ್ಲ, ಕೆಟ್ಟಿರುವುದು ಫೋನು.

ಬೈಕಿಗೆ ನಿಜವಾಗಿ ದಂಡ ಇದೆಯೇ ಎಂಬ ಅನುಮಾನ ತಂದೆಯವರಿಗೆ ಉಳಿದಿರುತ್ತದೆ, ಅದನ್ನೂ ಬಗೆಹರಿಸಿ. ಇ-ಚಲನ್ ಡಾಟ್ ಪರಿವಾಹನ್ ಡಾಟ್ ಗವ್ ಡಾಟ್ ಇನ್‌ನಲ್ಲಿ, ಅಡ್ಡಗೆರೆ ಬಿಟ್ಟು ಬರೆದರೆ ತೆರೆಯುತ್ತದೆ, ಗಾಡಿ ನಂಬರ್ ಹಾಕಿ ನೋಡಬಹುದು. ಇಲ್ಲವೇ ಹತ್ತಿರದ ಪೊಲೀಸ್ ಠಾಣೆಯಲ್ಲಿ ಕೇಳಲಿ. ಸರ್ಕಾರದ ಮೆಸೇಜ್ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಕಳಿಸಿದವರ ಜಾಗದಲ್ಲಿ ಅಕ್ಷರಗಳ ಹೆಸರಿದ್ದು, ಈಗ ಅದರ ಕೊನೆಯಲ್ಲಿ ಗೆರೆ ಹಾಕಿ ‘ಜಿ’ ಅಕ್ಷರ ಇರುತ್ತದೆ.

ರೀಸೆಟ್ ಆದ ಮೇಲೂ ಒಂದೆರಡು ತಿಂಗಳು ವಾರಕ್ಕೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಿರಿ, ಯುಪಿಐ ಆ್ಯಪ್‌ನಲ್ಲಿ ‘ಆಟೊಪೇ’ ಪಟ್ಟಿಯನ್ನೂ, ಅಂದರೆ ತಾನಾಗಿ ಹಣ ಕಡಿತವಾಗಲು ಕೊಟ್ಟ ಒಪ್ಪಿಗೆಗಳನ್ನೂ, ನೋಡುತ್ತಿರಿ. ತಂದೆಯವರಿಗೆ ಗೊತ್ತಿಲ್ಲದ ಒಂದು ರೂಪಾಯಿ, ಎರಡು ರೂಪಾಯಿಯ ಕಡಿತ ಕಂಡರೆ ಅದು ಖಾತೆ ತೆರೆದಿದೆಯೇ ಎಂದು ವಂಚಕರು ತಟ್ಟಿ ನೋಡಿದ್ದಾಗಿರಬಹುದು. ಚಿಕ್ಕ ಮೊತ್ತವೆಂದು ಬಿಡದೆ ಅದೇ ದಿನ ಶಾಖೆಗೆ ಬರೆದುಕೊಡಿ.